ಮಾಲು ಬರುವವರೆಗೆ

ಮಾರ್ಚ್ ೩, ಮಂಗಳವಾರ

ಒಪ್ಪಂದಕ್ಕೆ ಸಹಿ ಬಿತ್ತು. ಇಲ್ಲಿಂದ ನಮ್ಮ ಸೀಮೆಗೆ ಎಣ್ಣೆ, ಅಲ್ಲಿಂದ ಇಲ್ಲಿಗೆ ಸಾಬೂನು. ನಮ್ಮ ಮುತ್ತಜ್ಜಂದಿರು ಬಿಟ್ಟುಹೋದ ಈ ಊರಿಗೂ ನಾವು ಹುಟ್ಟಿ ಬೆಳೆದ ಸೀಮೆಗೂ ಇದೇ ಮೊದಲ ವ್ಯಾಪಾರ ಎಂದು ಎಲ್ಲರೂ ಹೇಳುತ್ತಿದ್ದಾರೆ. ನಮ್ಮ ವಾಣಿಜ್ಯ ಮಂಡಳಿಯ ಕಾರ್ಯದರ್ಶಿ ವರ್ಷಗಟ್ಟಲೆ ಓಡಾಡಿ ಕುದುರಿಸಿದ್ದು. ಸಹಿಯಾದ ಮೇಲೆ ಅವರು ಭಾಷಣಕ್ಕೆ ಎದ್ದು ನಿಂತರು; ಬೇರು, ಸೇತುವೆ ಎಂದೆಲ್ಲ ಬರೆದುಕೊಂಡು ಬಂದಿದ್ದರು. ಎಣ್ಣೆ ಮಂಡಿಯ ಯಜಮಾನರು ಕೈಯೆತ್ತಿ ತಡೆದರು.

"ಎಲ್ಲಾ ಸರಿ. ಇರೋರು ಯಾರು?"

ಕಾರ್ಯದರ್ಶಿಗೆ ಇಲ್ಲಿಯ ಭಾಷೆ ಬರುವುದಿಲ್ಲ. ನನಗೆ ಬರುತ್ತದೆ, ನಮ್ಮ ಅಜ್ಜಿ ಮನೆಯಲ್ಲಿ ಆಡುತ್ತಿದ್ದುದು ಅದನ್ನೇ; ನನ್ನ ಮಗಳಿಗೆ ಬರುವುದಿಲ್ಲ. ಮಾತು ತಿಳಿಯಿತು, ವಿಷಯ ತಿಳಿಯಲಿಲ್ಲ. ಯಜಮಾನರು ಬಿಡಿಸಿ ಹೇಳಿದರು. ಹೊಸದಾಗಿ ವ್ಯಾಪಾರ ಶುರುವಾದಾಗ ಮಾರುವವರ ಕಡೆಯ ಒಬ್ಬರು ಕೊಳ್ಳುವವರ ಮನೆಯಲ್ಲಿ ಇರಬೇಕು. ಮಾಲು ಬಂದ ದಿನ ಅವರೇ ಪೆಟ್ಟಿಗೆ ತೆಗೆದು, ನೋಡಿ, ಸರಿಯಿದೆ ಎನ್ನಬೇಕು. ಅಂದ ಮೇಲೆ ಹೊರಡಬಹುದು. ಕಾಗದ ಸರ್ಕಾರಕ್ಕೆ, ಇದು ನಮಗೆ ಎಂದರು.

ಕಾರ್ಯದರ್ಶಿ ನನ್ನ ಕಡೆ ನೋಡಿದರು. ನೋಡದೆ ಇನ್ನೇನು ಮಾಡಿಯಾರು? ನಾನು ಕಾರ್ಖಾನೆಯ ಮೂಗು. ಇಪ್ಪತ್ತೇಳು ವರ್ಷದಿಂದ ಪ್ರತಿ ಪಾಕದ ಸಾಬೂನನ್ನೂ ಮೂಸಿ, ತಂತಿಯಲ್ಲಿ ಕೊಯ್ದು, ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿ ಪಾಸು ಮಾಡುವವಳು. ಈ ಮೊದಲ ಕಂತನ್ನೂ ಹೊರಡುವ ಮುಂಚೆ ನಾನೇ ಪಾಸು ಮಾಡಿ ಮುದ್ರೆ ಒತ್ತಿದ್ದೇನೆ. ಅದು ಆಗಲೇ ಹಡಗು ಹತ್ತಿದೆ. ಮೂರು ವಾರದ ಮಾತು.

ಮಗಳಿಗೆ ಏಪ್ರಿಲ್ ನಡುವೆ ದಿನ ತುಂಬುತ್ತದೆ. ಚೊಚ್ಚಲು. ಅಷ್ಟರೊಳಗೆ ನಾನು ಮನೆಯಲ್ಲಿರಬೇಕು, ಬೇರೆ ಏನಾದರೂ ಆಗಲಿ. ಮೂರು ವಾರವೆಂದರೆ ಕೈಯಲ್ಲಿ ಇನ್ನೂ ದಿನ ಉಳಿಯುತ್ತವೆ. ಈ ವ್ಯಾಪಾರ ಕೈಬಿಟ್ಟರೆ ಕಾರ್ಖಾನೆ ಮುಚ್ಚುತ್ತದೆ, ಹೋದ ವರ್ಷದಿಂದ ಅರ್ಧ ವಾರವಷ್ಟೇ ಕೆಲಸ. ನಮ್ಮವರು ಅಲ್ಲಿ ಪಾಕ ಹಾಕುವವರು, ನಾನು ಮೂಗು. ಇಬ್ಬರ ಅನ್ನವೂ ಒಂದೇ ಕಡಾಯಿಯಲ್ಲಿ. ಒಪ್ಪಿಕೊಂಡೆ.

"ಕೂತ್ಕೊಂಡು ಉಣ್ಣೋ ಕೆಲಸ ಕಣ್ರಮ್ಮ. ನನಗೆ ಯಾರೂ ಇಂಥದ್ದು ಹೇಳಲ್ಲ," ಎಂದು ಕಾರ್ಯದರ್ಶಿ ಸಂಜೆಯ ರೈಲಿಗೆ ಹೊರಟರು. ಭಾಷಣದ ಹಾಳೆ ಕೋಟಿನ ಜೇಬಿನಿಂದ ಇಣುಕುತ್ತಿತ್ತು.

ಮಾರ್ಚ್ ೪, ಬುಧವಾರ

ಮಹಡಿಯ ಮೇಲೆ, ನಡುಮನೆಯ ಮೆಟ್ಟಿಲು ಹತ್ತಿದರೆ ಎಡಗಡೆಯ ಕೊನೆಯ ಕೋಣೆ. ಕಬ್ಬಿಣದ ಮಂಚ, ಗೋಡೆಗೆ ಹುಗಿದ ಬೀರು, ಬೀದಿಯ ಕಡೆಗೆ ಒಂದು ಕಿಟಕಿ. ಕೆಳಗೆಲ್ಲ ಮಂಡಿ. ಎಣ್ಣೆಯ ವಾಸನೆ ನೆಲಕ್ಕೆ, ಮರಕ್ಕೆ, ಪರದೆಗೆ ಇಳಿದುಬಿಟ್ಟಿದೆ. ಈ ವರ್ಷದ ಎಣ್ಣೆ ಯಾವುದು, ಎಂದೋ ಚೆಲ್ಲಿ ಗಟ್ಟಿಯಾದದ್ದು ಯಾವುದು ಎಂದು ಬೇರೆ ಬೇರೆಯಾಗಿ ಮೂಗಿಗೆ ಬಡಿಯುತ್ತದೆ. ತಲೆ ಸಿಡಿಯಿತು. ನನ್ನ ಚೀಲದಿಂದ ನಮ್ಮ ಸಾಬೂನಿನ ಒಂದು ಬಿಲ್ಲೆ ತೆಗೆದು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ.

ಬೆಳಿಗ್ಗೆ ನೋಡಿದರೆ ಮಂಚದ ಕೆಳಗೆ ಒಂದು ಜೊತೆ ಚಪ್ಪಲಿ. ಹೊಸದಲ್ಲ, ಒರೆಸಿಟ್ಟಿದ್ದಾರೆ. ನನ್ನ ಬಲಗಾಲಿನ ಹೆಬ್ಬೆರಳು ಒಳಗೆ ಬಾಗಿದೆ; ಯಾವ ಚಪ್ಪಲಿಯೂ ನೆಟ್ಟಗೆ ಕೂರುವುದಿಲ್ಲ. ಇದು ಕೂತಿತು. ಯಜಮಾನರ ತಾಯಿಯನ್ನು ಕೇಳಿದೆ. ಎಂಬತ್ತು ದಾಟಿದ ಅಜ್ಜಿ, ಬೆನ್ನು ಬಾಗಿದ್ದರೂ ಕಣ್ಣು ಚುರುಕು.

"ಇರೋರಿಗೆ ಅಂತ ಇಟ್ಟಿದ್ದು, ಚಿಕ್ಕಮ್ಮ," ಎಂದರು.

ನನಗೆ ನಲವತ್ತೊಂಬತ್ತು. ನನ್ನ ತಾಯಿಯ ವಯಸ್ಸಿನವರ ಬಾಯಲ್ಲಿ ಚಿಕ್ಕಮ್ಮ ಎನಿಸಿಕೊಂಡು ನಗು ಬಂತು. ಅವರು ನಗಲಿಲ್ಲ. ಅರವತ್ತು ತುಂಬಿದ ಯಜಮಾನರೂ ಹಾಗೆಯೇ ಕರೆಯುತ್ತಾರೆ. ಹೆಸರನ್ನು ಈವರೆಗೆ ಯಾರೂ ಕೇಳಿಲ್ಲ.

ಮಾರ್ಚ್ ೭, ಶನಿವಾರ

ಬೀದಿಗೆ ಹೋಗಿಬಂದೆ. ತಡೆಯುವವರಿಲ್ಲ, ಬಾಗಿಲಿಗೆ ಬೀಗವೂ ಇಲ್ಲ. ಹೂಜಿ ಮಾರುವವನು, ಗಡಿಯಾರ ರಿಪೇರಿಯವನು ತಲೆಯೆತ್ತಿ "ಹೊರಟ್ರಾ?" ಎಂದರು. ಬರುವಾಗ "ಬಂದ್ರಾ?" ಎಂದರು. ಹೊಸಬರನ್ನು ನೋಡುವ ಹಾಗೆ ಒಬ್ಬರೂ ನೋಡಲಿಲ್ಲ. ಸಣ್ಣ ಊರು, ಸುದ್ದಿ ಹರಡಿರುತ್ತದೆ.

ತಂದ ಬಟ್ಟೆ ಸಾಲದು ಎಂದು ದರ್ಜಿಯ ಅಂಗಡಿಗೆ ಹೋದೆ. ಬಟ್ಟೆ ಆರಿಸಿಕೊಂಡು ಕೈ ಚಾಚಿ ನಿಂತೆ. ದರ್ಜಿ ಟೇಪು ಮುಟ್ಟಲಿಲ್ಲ.

"ಅಳತೆ ಇದೆಯಲ್ಲ," ಎಂದ.

"ಯಾರದ್ದು?"

"ನಿಮ್ಮದೇ. ನಮ್ಮಪ್ಪನ ಕಾಲದಿಂದ ಇದೆ."

ಹಳಬರ ತಮಾಷೆ ಇರಬೇಕು. ಬುಧವಾರ ಕೊಡುತ್ತೇನೆಂದ.

ಮಗಳ ಜೊತೆ ಫೋನಿನಲ್ಲಿ ಮಾತಾಡಿದೆ. ಹೊಟ್ಟೆ ಈಗ ಊಟದ ಮೇಜಿಗೆ ತಗಲುತ್ತದಂತೆ, ತಟ್ಟೆಯನ್ನು ಹೊಟ್ಟೆಯ ಮೇಲೆಯೇ ಇಟ್ಟುಕೊಂಡು ತಿನ್ನುತ್ತಾಳಂತೆ. ಇಬ್ಬರೂ ನಕ್ಕೆವು. ಒಳಗಿರುವುದು ಅಪ್ಪನ ಹಾಗೆ ಒದೆಯುತ್ತದೆ ಎಂದಳು. ನಿಮ್ಮಪ್ಪ ಯಾರನ್ನು ಒದ್ದಿದ್ದಾರೆ ಎಂದೆ. ನಿದ್ದೆಯಲ್ಲಿ ನಿನ್ನನ್ನೇ ಅಲ್ಲವೇನಮ್ಮ ಎಂದಳು.

ಮಾರ್ಚ್ ೧೫, ಭಾನುವಾರ

ಅಜ್ಜಿ ಇಂದು ತಾವಾಗಿಯೇ ಮಾತು ತೆಗೆದರು. ಇದು ಮೊದಲ ವ್ಯಾಪಾರವಲ್ಲವಂತೆ. ಎಷ್ಟೋ ಕಾಲದ ಹಿಂದೆ ಇದೇ ಮಂಡಿಯ ಎಣ್ಣೆಯನ್ನು ಗಾಡಿಗಳಲ್ಲಿ ಹೇರಿಕೊಂಡು ಈ ಊರಿನ ಕೆಲವು ಮನೆಯವರು ದೂರದ ಸೀಮೆಗೆ ಹೊರಟರು. ಎಣ್ಣೆಗೆ ಬದಲು ಅಲ್ಲಿಯ ಮಾಲು ತಂದು ಹಾಕುತ್ತೇವೆ ಎಂದು ಮಾತು. ಅಲ್ಲಿಯವರೆಗೆ ತಮ್ಮ ಮನೆಯ ಹೆಣ್ಣುಮಗಳೊಬ್ಬಳನ್ನು ಇಲ್ಲಿ ಇರಿಸಿಹೋದರು. ಅಲ್ಲಿ ಎಣ್ಣೆ ಮಾರಿತು, ಸೀಮೆ ಹಿಡಿಸಿತು, ಮನೆ ಕಟ್ಟಿದರು, ಉಳಿದ ಎಣ್ಣೆಯಲ್ಲಿ ಸಾಬೂನು ಬೇಯಿಸಲು ಕಲಿತರು.

"ನಿಮ್ಮೋರೇ," ಎಂದರು ಅಜ್ಜಿ. ದನಿಯಲ್ಲಿ ಚುಚ್ಚು ಇರಲಿಲ್ಲ.

ಆ ಹುಡುಗಿ ಕಾದಳು. ಈ ಮನೆಯ ಮಕ್ಕಳಿಗೆ ಚಿಕ್ಕಮ್ಮನಾದಳು, ಆ ಮಕ್ಕಳ ಮಕ್ಕಳಿಗೂ ಚಿಕ್ಕಮ್ಮನೇ. ಈ ಮನೆಯಲ್ಲೇ ಹುಟ್ಟಿದ ಅಜ್ಜಿಗೆ ಜಡೆ ಹೆಣೆದು ದೊಡ್ಡವರನ್ನಾಗಿ ಮಾಡಿದ್ದು ಅವಳೇ. ಮುದುಕಿಯಾಗಿ, ಈ ನನ್ನ ಕೋಣೆಯಲ್ಲೇ ತೀರಿಕೊಂಡಳು. ಆಮೇಲೆ ಆ ಸೀಮೆಯ ಜೊತೆ ವ್ಯಾಪಾರವಿಲ್ಲ, ಇರುವವರೇ ಇಲ್ಲವಲ್ಲ.

ನಮ್ಮ ಅಜ್ಜಿಯ ಕಥೆಗಳಲ್ಲಿ ಹೋದವರೆಲ್ಲ ಇದ್ದರು. ಗಾಡಿಗಳು, ಎತ್ತುಗಳು, ದಾರಿಯಲ್ಲಿ ಸತ್ತ ನಾಯಿ ಕೂಡ. ಇವಳು ಎಲ್ಲೂ ಇರಲಿಲ್ಲ.

ನನ್ನದು ಅಂಥದ್ದಲ್ಲ, ನನ್ನ ಮಾಲು ದಾರಿಯಲ್ಲಿದೆ ಎಂದೆ.

"ಹೌದು ಹೌದು, ದಾರೀಲಿದೆ," ಎಂದು ಅಜ್ಜಿ ನನ್ನ ಕೈ ತಟ್ಟಿದರು. ಚಿಕ್ಕ ಮಕ್ಕಳಿಗೆ ಸಮಾಧಾನ ಹೇಳುವ ಹಾಗೆ ಅನ್ನಿಸಲಿಲ್ಲ. ದೊಡ್ಡವರು ಹೇಳಿದ್ದಕ್ಕೆ ಮಕ್ಕಳು ತಲೆಯಾಡಿಸುವ ಹಾಗೆ ಅನ್ನಿಸಿತು.

ಮಾರ್ಚ್ ೨೪, ಮಂಗಳವಾರ

ಇಂದು ಬರಬೇಕಿತ್ತು. ನಡುದಾರಿಯ ಬಂದರಿನಲ್ಲಿ ಹಮಾಲರ ಮುಷ್ಕರ, ಹಡಗು ನಿಂತಿದೆಯಂತೆ. ಇನ್ನೊಂದು ವಾರ ಎಂದರು ಕಾರ್ಯದರ್ಶಿ, ಫೋನಿನಲ್ಲಿ. ಕಟ್ಟಿದ್ದ ಚೀಲ ಬಿಚ್ಚಲಿಲ್ಲ.

ಹೊಸ ಬಟ್ಟೆ ಸರಿಯಾಗಿ ಕೂರುತ್ತದೆ, ತೋಳಿನ ಹತ್ತಿರವೂ.

ಮಾರ್ಚ್ ೨೯, ಭಾನುವಾರ

ಈಚೆಗೆ ಮನೆಯಲ್ಲಿ ಎಣ್ಣೆಯ ವಾಸನೆ ಕಡಿಮೆಯಾಗಿದೆ. ಕಿಟಕಿ ತೆರೆದಿಡುವುದರಿಂದ ಇರಬೇಕು.

ಊಟದ ಮೇಜಿನಲ್ಲಿ ಯಜಮಾನರು ತಮ್ಮ ಅಪ್ಪ ಎಣ್ಣೆಯ ತೊಟ್ಟಿಗೆ ಬಿದ್ದ ಕಥೆ ಹೇಳುತ್ತಿದ್ದರು. ಎಳೆದು ತೆಗೆಯಲು ಹೋದವರ ಕೈಗೆಲ್ಲ ಜಾರಿ ಜಾರಿ ಹೋದರಂತೆ. "ಆಮೇಲೆ ಹೆಂಗೆ ತೆಗೆದ್ರು ಗೊತ್ತಾ?" ಎಂದು ಅವರು ನಿಲ್ಲಿಸಿದಾಗ ನಾನು "ಬೂದಿ ಸುರಿದು," ಎಂದೆ. ಎಲ್ಲರೂ ನಕ್ಕರು. ನನಗೆ ಹೇಗೆ ಗೊತ್ತು ಎಂದು ಒಬ್ಬರೂ ಕೇಳಲಿಲ್ಲ. ಎಣ್ಣೆಗೆ ಬೂದಿ ಎನ್ನುವುದು ಸಾಬೂನಿನವಳಿಗೆ ಹೊಳೆಯದೆ ಇನ್ನೇನು.

ಏಪ್ರಿಲ್ ೨, ಗುರುವಾರ

ನಮ್ಮವರು ಫೋನಿನಲ್ಲಿ ಗದರಿದರು. ಗದರುವ ಜನವಲ್ಲ.

"ಕಾರ್ಖಾನೆ ಮುಚ್ಚಿದ್ರೆ ಮುಚ್ಚಲಿ ಕಣೇ. ಮಗಳು ದಿನಾ ಕೇಳ್ತಾಳೆ. ಎದ್ದು ಬಂದ್ಬಿಡು."

ಸರಿ ಎಂದೆ. ಮಗಳ ಪಕ್ಕದಲ್ಲಿರಬೇಕು, ಅದಕ್ಕಿಂತ ಹೆಚ್ಚಿನದು ಯಾವುದೂ ಇಲ್ಲ. ಚೀಲ ಹಿಡಿದು ಮೆಟ್ಟಿಲಿಳಿದೆ. ಯಜಮಾನರು ಮಂಡಿಯಲ್ಲಿ ಗಿರಾಕಿಯ ಜೊತೆ ಇದ್ದರು. ನೋಡಿ, ದಾರಿ ಬಿಟ್ಟರು. ಅಷ್ಟೇ.

ಸ್ಟೇಷನ್ನಿನಲ್ಲಿ ಟಿಕೆಟ್ ಕೇಳಿದೆ. ಕಿಟಕಿಯ ಹಿಂದಿನ ಗುಮಾಸ್ತ ಮುಖ ನೋಡಿ ತಡೆದ.

"ಕೊಡ್ಲಾ ಚಿಕ್ಕಮ್ಮ? ಇಲ್ಲಾ ಪ್ರತಿ ಸಲ ವಾಪಸ್ ತರ್ತೀರಲ್ಲ, ಇಲ್ಲೇ ಇಟ್ಟಿರ್ಲಾ?"

ನಾನು ಈ ಸ್ಟೇಷನ್ನಿಗೆ ಬಂದದ್ದು ಇಳಿಯುವಾಗ ಒಮ್ಮೆ, ಇಂದು ಒಮ್ಮೆ. ಜಗಳವಾಡದೆ ಟಿಕೆಟ್ ತೆಗೆದುಕೊಂಡೆ. ರೈಲು ಬಂತು, ಜನ ಇಳಿದರು, ಜನ ಹತ್ತಿದರು. ಎದ್ದು ನಿಂತೆ. ನಾನು ಹೋದರೆ ನಮ್ಮ ಜನ ಮತ್ತೊಮ್ಮೆ ಬಿಟ್ಟುಹೋದರು ಎಂದಾಗುತ್ತದೆ ಎನ್ನುವುದು ಮನಸ್ಸಿಗೆ ಬಂತು. ಯಾರನ್ನು ಬಿಟ್ಟು ಎಂದು ಯೋಚಿಸುವಷ್ಟರಲ್ಲಿ ಕೊನೆಯ ಬೋಗಿಯೂ ದಾಟಿತ್ತು.

ಮನೆಗೆ ಬಂದೆ. ಅಜ್ಜಿ ಬಾಗಿಲಲ್ಲೇ ಇದ್ದಳು. "ಮಾಲು ಬಂತಾ?" ಎಂದಳು. ಇನ್ನೂ ಇಲ್ಲ ಎಂದೆ. ಚೀಲ ತೆಗೆದುಕೊಂಡು ಬೀರುವಿನಲ್ಲಿಟ್ಟಳು.

ನಮ್ಮವರಿಗೆ ರೈಲು ತಪ್ಪಿತು ಎಂದು ತಿಳಿಸಿದೆ. ಸುಳ್ಳಲ್ಲ.

ಏಪ್ರಿಲ್ ೧೪, ಮಂಗಳವಾರ

ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ಬೆಳಿಗ್ಗೆ ಫೋನು ಬಂತು. ಮಗಳು ಅಳುತ್ತಿದ್ದಳು, ನಾನು ಸಮಾಧಾನ ಹೇಳಿದೆ, ಹಾಲು ಕುಡಿಸುವಾಗ ಬೆನ್ನಿಗೆ ದಿಂಬು ಕೊಟ್ಟುಕೊಳ್ಳಬೇಕು ಎಂದೆಲ್ಲ.

"ಅಮ್ಮ, ನಂಗೆ ಅರ್ಥ ಆಗೋ ಹಾಗೆ ಮಾತಾಡು," ಎಂದಳು.

ಲೈನು ಸರಿಯಿರಲಿಲ್ಲ. ಮತ್ತೆ ನಿಧಾನವಾಗಿ ಹೇಳಿದೆ. ಇನ್ನೂ ಜೋರಾಗಿ ಅತ್ತಳು.

ಏಪ್ರಿಲ್ ೧೯, ಭಾನುವಾರ

ಅವಳಿಗೆ ಜಡೆ ಹೆಣೆದೆ. ಕೂದಲು ಬೆಳ್ಳಗಾಗಿದೆ, ತೆಳ್ಳಗೂ ಆಗಿದೆ, ಆದರೂ ಹಿಂದಿನ ಹಾಗೆಯೇ ಸಿಕ್ಕು. ಎಳೆದರೆ ಹಿಂದಿನ ಹಾಗೆಯೇ ಮುಖ ಸಿಂಡರಿಸುತ್ತಾಳೆ. ಮಗನೆದುರು ಮಾತ್ರ ದೊಡ್ಡ ಯಜಮಾನಿಯ ಗತ್ತು.

ಏಪ್ರಿಲ್ ೨೫, ಶನಿವಾರ

ದಿಂಬಿನ ಪಕ್ಕ ಏನೋ ಇಟ್ಟಿದ್ದಾರೆ, ಅದರ ವಾಸನೆಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಕಿಟಕಿಯಾಚೆ ಎಸೆದೆ.

ಏಪ್ರಿಲ್ ೨೯, ಬುಧವಾರ

ಮಾಲು ಬಂತು.

ಲಾರಿಯ ಜೊತೆ ನಮ್ಮವರೂ ಬಂದಿದ್ದರು. ಬಂದರಿನಿಂದ ಪೆಟ್ಟಿಗೆಗಳ ಜೊತೆಯಲ್ಲೇ ಕೂತು ಬಂದಿದ್ದಾರೆ, ಗಡ್ಡ ಬೆಳೆದಿತ್ತು. ಮಂಡಿಯ ಬಾಗಿಲಲ್ಲಿ ನನ್ನನ್ನು ಕಂಡು ಒಂದು ಹೆಜ್ಜೆ ಮುಂದಿಟ್ಟು ನಿಂತರು. ಬಟ್ಟೆಯನ್ನು ನೋಡಿದರು, ಚಪ್ಪಲಿಯನ್ನು ನೋಡಿದರು. ಸೊರಗಿದೀಯ ಎಂದರು. ಜೇಬಿನಿಂದ ಮಗುವಿನ ಫೋಟೋ ತೆಗೆದು ಕೊಟ್ಟರು. ಚೆನ್ನಾಗಿದೆ ಎಂದು ಹಿಂದಕ್ಕೆ ಕೊಟ್ಟೆ, ಕೈಯಲ್ಲಿ ಕೆಲಸವಿತ್ತು.

ಬೇಗ ನೋಡಿ ಹೇಳಿಬಿಡು, ನಾಳೆ ಬೆಳಿಗ್ಗೆಯ ರೈಲಿಗೆ ಇಬ್ಬರಿಗೂ ಜಾಗ ಹಿಡಿದಿದ್ದೇನೆ ಎಂದರು. ಸರಿಯಿದೆ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ನನಗೂ ಅದು ಗೊತ್ತಿತ್ತು. ಮೇಜು ಹಾಕಿಸಿದೆ, ತಂತಿ ತರಿಸಿದೆ. ಯಜಮಾನರು, ಅವರಮ್ಮ, ಮಂಡಿಯ ಆಳುಗಳು, ಬೀದಿಯ ನಾಲ್ಕು ಜನ ಸುತ್ತ ನಿಂತರು.

ಪೆಟ್ಟಿಗೆ ಒಣಗಿತ್ತು. ಮುದ್ರೆ ಒಡೆದಿರಲಿಲ್ಲ. ಬಿಲ್ಲೆಗಳು ಬೆವರಿರಲಿಲ್ಲ, ಅಂಚು ಚೂಪಾಗಿತ್ತು. ತಂತಿಯಲ್ಲಿ ಕೊಯ್ದೆ, ಎಲ್ಲೂ ಪುಡಿಯಾಗದೆ ಒಂದೇ ಸಮ ಬಂತು. ನಾಲಿಗೆಗೆ ಮುಟ್ಟಿಸಿದೆ, ಕ್ಷಾರದ ಖಾರವಿಲ್ಲ. ಆಮೇಲೆ ಮೂಗಿನ ಹತ್ತಿರ ತಂದೆ.

ಕಮಟು. ಯಾರದೋ ಮುಚ್ಚಿದ ಮನೆಯನ್ನು ತೆಗೆದ ಹಾಗೆ, ಪರಿಚಯವಿಲ್ಲದವರ ಹಾಸಿಗೆಯ ಹಾಗೆ. ಇನ್ನೊಂದು ಪೆಟ್ಟಿಗೆ ತೆಗೆಸಿದೆ, ಅದೂ ಹಾಗೆಯೇ.

"ಕೆಟ್ಟಿದೆ," ಎಂದೆ.

ಯಜಮಾನರು ಒಂದು ಬಿಲ್ಲೆ ಎತ್ತಿ ಮೂಸಿದರು. ತಮಗೇನೂ ಗೊತ್ತಾಗುತ್ತಿಲ್ಲ, ಚೆನ್ನಾಗಿಯೇ ಇದೆಯಲ್ಲ ಎಂದರು. ಅವರ ಮುಖದಲ್ಲಿ ನಿಜವಾಗಿಯೂ ಬೇಸರವಿತ್ತು. ಆಳುಗಳೂ ಕೈಯಿಂದ ಕೈಗೆ ದಾಟಿಸಿ ಮೂಸಿದರು. ನನ್ನ ಮಾತೇ ಕೊನೆ, ಅದು ಪದ್ಧತಿ.

ನಮ್ಮವರು ನನ್ನ ತೋಳು ಹಿಡಿದು ಬದಿಗೆ ಕರೆದರು.

"ನಾನು ಬೇಯಿಸಿದ ಪಾಕ ಕಣೇ ಇದು. ನೀನೇ ಮೂಸಿ ನೋಡಿದ್ದು. ಪೆಟ್ಟಿಗೆ ಮೇಲೆ ನಿನ್ನ ಮುದ್ರೆ ಇದೆ, ನೋಡಿಲ್ಲಿ."

ನೋಡಿದೆ. ಮುದ್ರೆ ಸ್ಪಷ್ಟವಾಗಿತ್ತು. ಪಾಸು ಮಾಡಿದವರು ಯಾರೋ, ಅವರಿಗೆ ಮೂಗಿರಲಿಲ್ಲ.

ಏಪ್ರಿಲ್ ೩೦, ಗುರುವಾರ

ಮಾಲು ತಂದವರು ಬೆಳಿಗ್ಗೆ ಯಜಮಾನರ ಹತ್ತಿರ ಬಂದು ಮಾತಾಡಿದರು. ಇಲ್ಲಿಯ ಭಾಷೆ ಅಷ್ಟಾಗಿ ಬರುವುದಿಲ್ಲ, ತಡವರಿಸುತ್ತಾರೆ. ಹೊಸ ಮಾಲು ಬರುವವರೆಗೆ ತಾವು ಇರುತ್ತೇವೆ, ಈಕೆಯನ್ನು ಬಿಡಿ, ಮನೆಯಲ್ಲಿ ಹಸುಗೂಸಿದೆ ಎಂದರು.

"ನಾವು ಹಿಡ್ಕೊಂಡಿಲ್ಲಪ್ಪ," ಎಂದರು ಯಜಮಾನರು. "ಅವ್ರನ್ನೇ ಕೇಳಿ."

ನನ್ನನ್ನು ಕೇಳಿದರು. ಕೇಳುವಾಗ ಕಣ್ಣು ಒದ್ದೆಯಾಗಿತ್ತು. ನನಗೂ ಪಾಪ ಅನ್ನಿಸಿತು. ಆದರೆ ಒಬ್ಬರ ಬದಲು ಒಬ್ಬರು ಇರುವುದು ಹೇಗೆ ಸಾಧ್ಯ? ಕೋಣೆಯಲ್ಲಿರುವುದು ಒಂದೇ ಮಂಚ, ಚಪ್ಪಲಿಯೂ ಅವರಿಗಾಗುವುದಿಲ್ಲ. ಜೊತೆಗೆ ಇಲ್ಲಿ ಇವಳ ತಲೆ ಬಾಚುವವರು ಯಾರು? ಮೃದುವಾಗಿಯೇ ಹೇಳಿದೆ. ಅವರು ಬಹಳ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದರು. ಎಲ್ಲೋ ಇಟ್ಟದ್ದನ್ನು ಹುಡುಕುವವರು ನೋಡುವ ಹಾಗೆ.

ಪೆಟ್ಟಿಗೆಗಳನ್ನು ಲಾರಿಗೆ ವಾಪಸು ಹೇರಿದರು. ಮಂಡಿಯ ನೆಲವನ್ನು ಎಣ್ಣೆಯಲ್ಲಿ ಒರೆಸಿದ ಮೇಲೆ ಉಸಿರಾಡುವಂತಾಯಿತು.

ಮೇ ೩, ಭಾನುವಾರ

ಲಾರಿ ಹೋಯಿತು, ಮಾಲು ತಂದವರು ಹೋಗಲಿಲ್ಲ. ಎದುರಿನ ಗೋಡೆಯ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾರೆ. ಕಿಟಕಿಯಿಂದ ಕಾಣುತ್ತದೆ.

ಊಟಕ್ಕೆ ಕರೆಯೋಣವೇ ಎಂದು ಇವಳನ್ನು ಕೇಳಿದೆ. ಬೇಡ ಚಿಕ್ಕಮ್ಮ, ಒಳಗೆ ಬಂದರೆ ಆಮೇಲೆ ಹೋಗುವುದು ಅವರಿಗೇ ಕಷ್ಟ ಎಂದಳು. ಚುರುಕು ಹುಡುಗಿ, ಅವಳು ಹೇಳಿದ್ದು ಸರಿ. ಆಳಿನ ಕೈಯಲ್ಲಿ ಒಂದು ಚೊಂಬು ನೀರು ಕಳಿಸಿದೆ. ಕುಡಿದು, ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ಮೇಲೆ ನೋಡಿದರು.

ಒಂದು ಕಾಲನ್ನು ಮಡಚಿ ಅದರ ಮೇಲೆ ಕೂರುತ್ತಾರೆ. ಹಾಗೆ ಕೂರುವವರು ಎಲ್ಲೋ ಒಬ್ಬರಿದ್ದರು, ನನಗೆ ಬೇಕಾದವರೇ. ಏಳುವಾಗ ಕಾಲು ಜೋಮು ಹಿಡಿದು ಕುಂಟುತ್ತಾ ನಗುತ್ತಿದ್ದರು, ನಾನು ಬೈಯುತ್ತಿದ್ದೆ. ಇವರಿಗೂ ಹೇಳಬೇಕೆನ್ನಿಸುತ್ತದೆ, ಕಾಲು ಇಳಿಬಿಟ್ಟು ಕೂತುಕೊಳ್ಳಿ ಎಂದು. ಕಿಟಕಿಯವರೆಗೂ ಹೋಗಿ ನಿಂತೆ. ಹಾಗೆ ಹೇಳುವಷ್ಟು ಪರಿಚಯ ನಮ್ಮಲ್ಲಿಲ್ಲ.